ಹಡಗಿಗೆ ಬ್ರೇಕ್ ಇಲ್ಲ: ಕ್ಯಾಪ್ಟನ್ ಉಳಿಸಬೇಕಾದದ್ದು ನೀರು ಮತ್ತು ಹೊತ್ತು

ಪ್ರಶ್ನೆ: ನಮ್ಮದು ಗದಗ. ಮಗ ಹನ್ನೆರಡನೇ ತರಗತಿ ಮುಗಿಸಿ ಡೆಕ್ ಕೆಡೆಟ್ (ಹಡಗು ನಡೆಸುವ ವಿಭಾಗದ ತರಬೇತಿ ಅಧಿಕಾರಿ) ಆಗಿ ಹಡಗು ಸೇರುವ ತಯಾರಿಯಲ್ಲಿದ್ದಾನೆ. ನಮ್ಮ ಮನೆತನದಲ್ಲಿ ಸಮುದ್ರದ ಕೆಲಸ ಮಾಡಿದವರು ಯಾರೂ ಇಲ್ಲ. 2024ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹಡಗು ಬಡಿದು ಸೇತುವೆ ಕುಸಿದದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ರೇಡಾರ್, ಜಿಪಿಎಸ್, ಬಂದರಿನಲ್ಲಿ ದಾರಿ ತೋರಿಸುವ ಪೈಲಟ್ ಎಲ್ಲ ಇದ್ದೂ ಹೀಗೇಕೆ ಆಗುತ್ತದೆ? ಪೈಲಟ್ ಬಂದ ಮೇಲೆ ಕ್ಯಾಪ್ಟನ್ ಕೆಲಸವೇನು? ಹುಡುಗ ಹೋಗುವ ಮುಂಚೆ ಏನು ಕಲಿತಿದ್ದರೆ ಒಳ್ಳೆಯದು?

ಉತ್ತರ:

ಹುಬ್ಬಳ್ಳಿಯಿಂದ ಅಂಕೋಲೆಗೆ ಲೋಡ್ ಲಾರಿ ಹೊಡೆಯುವವರಿಗೆ ನಿಮ್ಮ ಮೊದಲ ಪ್ರಶ್ನೆಯ ಅರ್ಧ ಉತ್ತರ ಗೊತ್ತಿರುತ್ತದೆ. ಅರಬೈಲ್ ಘಟ್ಟದಲ್ಲಿ ಗೇರ್ ಇಳಿಸುವುದು ಘಟ್ಟದ ತಲೆಯ ಮೇಲೆ. ನಡುವೆ ಓಟ ಹೆಚ್ಚಾಯಿತೆಂದು ಬ್ರೇಕ್ ತುಳಿಯುತ್ತ ಹೋದರೆ ಡ್ರಮ್ ಕಾದು, ಬೇಕಾದ ತಿರುವಿನಲ್ಲೇ ಬ್ರೇಕ್ ಹಿಡಿಯುವುದಿಲ್ಲ. ಹಡಗಿನಲ್ಲಿ ಆ ಬ್ರೇಕೂ ಇಲ್ಲ. ಹಾಗಾಗಿ ಹಡಗು ನಡೆಸುವವರು ಸದಾ ಒಂದು ಲೆಕ್ಕ ಹಾಕುತ್ತಿರಬೇಕು: ಈಗ ಏನಾದರೂ ಕೆಟ್ಟರೆ ಸುಧಾರಿಸಿಕೊಳ್ಳುವಷ್ಟು ನೀರು, ಅಷ್ಟು ಹೊತ್ತು ಮುಂದೆ ಉಳಿದಿದೆಯೇ? ದೊಡ್ಡ ಅಪಘಾತಗಳ ತನಿಖಾ ವರದಿ ಓದಿದರೆ, ಬಹಳಷ್ಟು ಕಡೆ ಈ ಗಂಟು ಹಡಗು ಬಡಿಯುವ ಎಷ್ಟೋ ಮುಂಚೆ ಖರ್ಚಾಗಿ ಹೋಗಿರುತ್ತದೆ.

ಹಡಗು ನಿಲ್ಲಿಸಲು ಎಂಜಿನ್ನನ್ನು ಹಿಮ್ಮುಖ ತಿರುಗಿಸಬೇಕು. ದೊಡ್ಡ ಹಡಗುಗಳ ನಿಧಾನಗತಿಯ ಎಂಜಿನ್‌ಗೆ ಗೇರ್‌ಬಾಕ್ಸ್ ಇರುವುದಿಲ್ಲ. ಎಂಜಿನ್ ಪೂರ್ತಿ ನಿಂತು, ಒತ್ತಿಟ್ಟ ಗಾಳಿಯ ಬಲದಿಂದ ಉಲ್ಟಾ ದಿಕ್ಕಿನಲ್ಲಿ ಹೊಸದಾಗಿ ಶುರುವಾಗಬೇಕು. ಹಡಗು ಜೋರಿನಲ್ಲಿದ್ದರೆ ಹರಿಯುವ ನೀರೇ ಪ್ರೊಪೆಲರನ್ನು ಮುಂದಕ್ಕೆ ತಿರುಗಿಸುತ್ತಿರುತ್ತದೆ. ವೇಗ ತುಸು ಇಳಿಯುವ ತನಕ ಎಂಜಿನ್ ಹಿಮ್ಮುಖ ಹಿಡಿಯುವುದೇ ಇಲ್ಲ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಮಾನದಂಡದಂತೆ, ಪರೀಕ್ಷೆಯ ವೇಗದಲ್ಲಿ ಪೂರ್ತಿ ಹಿಮ್ಮುಖ ಕೊಟ್ಟ ಹಡಗು ತನ್ನ ಉದ್ದದ 15 ಪಟ್ಟಿನೊಳಗೆ ನಿಲ್ಲಬೇಕು. ತೀರಾ ದೊಡ್ಡ ಹಡಗುಗಳಿಗೆ 20 ಪಟ್ಟಿನವರೆಗೂ ವಿನಾಯಿತಿ ಉಂಟು. 300 ಮೀಟರ್ ಉದ್ದದ ಹಡಗಿಗೆ 15 ಪಟ್ಟು ಎಂದರೆ ನಾಲ್ಕೂವರೆ ಕಿಲೋಮೀಟರ್. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮನ್ನು ಮೂರು ಸಲ ಸಾಲಾಗಿ ಜೋಡಿಸಿ ನೋಡಿ, ಅಷ್ಟು ದೂರ. 12 ನಾಟ್, ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದ ಹಡಗು ಆ ಒಂದು ಪ್ಲಾಟ್‌ಫಾರ್ಮನ್ನು ನಾಲ್ಕೇ ನಿಮಿಷದಲ್ಲಿ ದಾಟುತ್ತದೆ.

ಅದೇ ಮಾನದಂಡದಲ್ಲಿ ತಿರುಗುವ ಲೆಕ್ಕವೂ ಇದೆ. ಚುಕ್ಕಾಣಿಯನ್ನು ಪೂರ್ತಿ ಒಂದು ಬದಿಗೆ, ಅಂದರೆ 35 ಡಿಗ್ರಿ ಹಾಕಿದರೆ ಹಡಗು ತನ್ನ ನಾಲ್ಕೂವರೆ ಉದ್ದ ಮುಂದೆ ಹೋಗುವುದರೊಳಗೆ 90 ಡಿಗ್ರಿ ತಿರುಗಿರಬೇಕು. ನಿಲ್ಲಲು 15 ಉದ್ದ, ತಿರುಗಲು ನಾಲ್ಕೂವರೆ. ಹಾಗಾಗಿ ತೆರೆದ ಕಡಲಿನಲ್ಲಿ ಎದುರು ಬಂದದ್ದನ್ನು ತಪ್ಪಿಸಲು ನಾವಿಕರು ತಿರುಗುತ್ತಾರೆ, ನಿಲ್ಲಿಸಲು ಹೋಗುವುದಿಲ್ಲ. ಬಂದರಿನ ಕಾಲುವೆಯಲ್ಲಿ ತಿರುಗಲು ಜಾಗವಿಲ್ಲ, ನಿಲ್ಲಿಸಲು ದೂರವಿಲ್ಲ. ಅಲ್ಲಿ ಒಂದೇ ಉಪಾಯ: ಮೊದಲೇ ನಿಧಾನವಾಗಿ ಬರುವುದು.

ನಿಧಾನಕ್ಕೂ ಬೆಲೆ ಇದೆ, ಇದನ್ನು ಹೊರಗಿನವರು ಗಮನಿಸುವುದಿಲ್ಲ. ಚುಕ್ಕಾಣಿಯ ಹಲಗೆ ಪ್ರೊಪೆಲರಿನ ಹಿಂದೆಯೇ ಇರುತ್ತದೆ. ಪ್ರೊಪೆಲರ್ ತಳ್ಳಿದ ನೀರು ಅದಕ್ಕೆ ಬಡಿದರೇ ಹಡಗಿನ ಹಿಂಭಾಗ ಸರಿಯುತ್ತದೆ. ಎಂಜಿನ್ ನಿಂತರೆ ಚುಕ್ಕಾಣಿಯ ಬಲ ಬಹುಪಾಲು ಹೋಗುತ್ತದೆ. ಹಿಮ್ಮುಖ ಕೊಟ್ಟರೆ ಇನ್ನೂ ಕಷ್ಟ: ಸಾಮಾನ್ಯವಾಗಿ ಬಳಸುವ ಬಲಗಡೆ ಸುತ್ತಿನ ಪ್ರೊಪೆಲರ್ ಹಿಮ್ಮುಖವಾದಾಗ ಹಿಂಭಾಗ ಎಡಕ್ಕೆ ಎಳೆಯುತ್ತದೆ, ಮೂತಿ ಬಲಕ್ಕೆ ಹೊರಳುತ್ತದೆ. ನುರಿತ ಕ್ಯಾಪ್ಟನ್ ಇದನ್ನೇ ಉಪಯೋಗಕ್ಕೆ ಹಚ್ಚುತ್ತಾನೆ. ಎಡಬದಿಯನ್ನು ಧಕ್ಕೆಗೆ ಕಟ್ಟುವುದಿದ್ದರೆ ಸಣ್ಣ ಕೋನದಲ್ಲಿ ಬಂದು ಹಿಮ್ಮುಖ ಕೊಡುತ್ತಾನೆ, ಹಿಂಭಾಗ ತಾನಾಗಿ ಧಕ್ಕೆಗೆ ಹತ್ತುತ್ತದೆ. ತೀರಾ ನಿಧಾನದಲ್ಲಿ ತಿರುಗಬೇಕಾದರೆ ಚುಕ್ಕಾಣಿ ಪೂರ್ತಿ ಹಾಕಿ, ಕೆಲವೇ ಸೆಕೆಂಡು ಎಂಜಿನ್ನಿಗೆ ಜೋರು ಕೊಟ್ಟು ನಿಲ್ಲಿಸುತ್ತಾನೆ. ಹಡಗು ಮುಂದಕ್ಕೆ ಓಡುವ ಮುಂಚೆಯೇ ಹಿಂಭಾಗ ಸರಿದಿರುತ್ತದೆ.

ಹಿಂಭಾಗ ಎಂದು ಪದೇಪದೇ ಹೇಳುತ್ತಿರುವುದಕ್ಕೆ ಕಾರಣವಿದೆ. ಉದ್ದನೆಯ ಬಿದಿರು ಹೇರಿದ ಟ್ರ್ಯಾಕ್ಟರ್ ಓಣಿಯಲ್ಲಿ ಎಡಕ್ಕೆ ಹೊರಳಿದರೆ ಬಿದಿರಿನ ತುದಿ ಬಲಗಡೆಯ ಗೋಡೆ ಕೆರೆಯುತ್ತದೆ, ಅಲ್ಲವೇ? ಮುಂದೆ ಹೋಗುತ್ತಿರುವ ಹಡಗು ತಿರುಗುವ ಕೀಲು ಮೂತಿಯಿಂದ ಸುಮಾರು ಕಾಲು ಅಥವಾ ಮೂರನೇ ಒಂದು ಭಾಗ ಹಿಂದೆ ಇರುತ್ತದೆ. ಉಳಿದ ಉದ್ದವೆಲ್ಲ ಹೊರಕ್ಕೆ ಬೀಸುತ್ತದೆ. ಮೂತಿ ಪಾರಾಯಿತೆಂದು ನಿರಾಳವಾದವರ ಹಿಂಭಾಗ ದಾರಿ ತೋರಿಸುವ ತೇಲುಗುರುತಿಗೆ (ಬೋಯಿ), ದಂಡೆಗೆ ಬಡಿಯುವುದು ಹೀಗೆ.

ನೀರು ಆಳವಿಲ್ಲದ ಕಡೆ ಹಡಗಿನ ಸ್ವಭಾವವೇ ಬದಲಾಗುತ್ತದೆ. ಅಡಿಯ ಇಕ್ಕಟ್ಟಿನಲ್ಲಿ ನೀರು ಜೋರಾಗಿ ಹರಿದು, ಅಲ್ಲಿ ಒತ್ತಡ ಇಳಿದು, ಹಡಗು ತಳದ ಕಡೆ ಕುಸಿಯುತ್ತದೆ. ಇದಕ್ಕೆ ಸ್ಕ್ವಾಟ್ ಎನ್ನುತ್ತಾರೆ. ನಾವಿಕರ ಅಂದಾಜು ಸೂತ್ರ ಸುಲಭ: ನಾಟ್‌ಗಳಲ್ಲಿ ವೇಗದ ವರ್ಗವನ್ನು ಹಡಗಿನ ಬ್ಲಾಕ್ ಗುಣಾಂಕದಿಂದ (ಮುಳುಗಿದ ಭಾಗ ಪೆಟ್ಟಿಗೆಯ ಆಕಾರಕ್ಕೆ ಎಷ್ಟು ಹತ್ತಿರ ಎಂಬ ಅಳತೆ) ಗುಣಿಸಿ 100ರಿಂದ ಭಾಗಿಸಿ, ಇಕ್ಕಟ್ಟಾದ ಕಾಲುವೆಯಾದರೆ ಅದರ ಎರಡರಷ್ಟು. ಗುಣಾಂಕ 0.8 ಇರುವ ತುಂಬಿದ ಹಡಗು 10 ನಾಟ್‌ನಲ್ಲಿ ಕಾಲುವೆಯೊಳಗೆ 1.6 ಮೀಟರ್ ಕುಸಿಯುತ್ತದೆ. 5 ನಾಟ್‌ಗೆ ಇಳಿಸಿದರೆ ಬರೀ 0.4 ಮೀಟರ್. ವೇಗ ಅರ್ಧವಾದರೆ ಕುಸಿತ ಕಾಲುಭಾಗ. ನಕ್ಷೆ ನೋಡಿ ಅಡಿಯಲ್ಲಿ ಒಂದೂವರೆ ಮೀಟರ್ ನೀರಿದೆ ಎಂದುಕೊಂಡವನು 10 ನಾಟ್‌ನಲ್ಲಿ ನೆಲ ಮುಟ್ಟಿದ್ದಾನೆ. ಜೊತೆಗೆ, ಒಂದು ದಂಡೆಗೆ ಹತ್ತಿರವಾದರೆ ಹಡಗಿನ ಹಿಂಭಾಗವನ್ನು ಆ ದಂಡೆ ಸೆಳೆಯುತ್ತದೆ, ಮೂತಿಯನ್ನು ಆಚೆ ನೂಕುತ್ತದೆ.

ಗಾಳಿ ಇನ್ನೊಂದು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನೋಡಿ ಬೆಳೆದ ಹುಡುಗನಿಗೆ ಗಾಳಿಯ ಶಕ್ತಿ ಬಿಡಿಸಿ ಹೇಳಬೇಕಿಲ್ಲ, ಅದರ ಲೆಕ್ಕ ಮಾತ್ರ ಗೊತ್ತಿರಲಿ. ಸೆಕೆಂಡಿಗೆ ಇಷ್ಟು ಮೀಟರ್ ಎಂದು ಗಾಳಿಯ ವೇಗ ಹಿಡಿದು, ಅದರ ವರ್ಗವನ್ನು 18ರಿಂದ ಭಾಗಿಸಿದರೆ ಪ್ರತಿ ಸಾವಿರ ಚದರ ಮೀಟರ್ ಬದಿಗೆ ಎಷ್ಟು ಟನ್ ಒತ್ತುತ್ತದೆ ಎಂಬುದು ಸಿಗುತ್ತದೆ. ಕಂಟೇನರ್ ಪೇರಿಸಿದ ದೊಡ್ಡ ಹಡಗಿನ ಬದಿ ಸುಮಾರು 10,000 ಚದರ ಮೀಟರ್. ಗಾಳಿ ಸೆಕೆಂಡಿಗೆ 15 ಮೀಟರ್ ಇದ್ದರೆ 125 ಟನ್. 20 ಮೀಟರ್ ಆದರೆ 222 ಟನ್. ದೊಡ್ಡ ಹಡಗನ್ನು ಎಳೆದು ನೂಕುವ ಒಂದು ಒಳ್ಳೆಯ ಟಗ್ ದೋಣಿ 60 ಟನ್ ಎಳೆದೀತು. ಮೂರು ಟಗ್ ಸಾಕಾಗುವ ದಿನಕ್ಕೂ ನಾಲ್ಕು ಬೇಕಾಗುವ ದಿನಕ್ಕೂ ಗಾಳಿಯಲ್ಲಿ ಇರುವ ಅಂತರ ಇಷ್ಟೇ.

ಇವೆರಡನ್ನು ಕೂಡಿಸಿದರೆ 2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಯಲ್ಲಿ 400 ಮೀಟರ್ ಉದ್ದದ ಎವರ್ ಗಿವನ್ ಅಡ್ಡಲಾಗಿ ಸಿಕ್ಕಿಕೊಂಡದ್ದು ಅರ್ಥವಾಗುತ್ತದೆ. ಜೋರು ಗಾಳಿಯಲ್ಲಿ ಹಡಗು ಪಕ್ಕಕ್ಕೆ ತೇಲುತ್ತದೆ, ದಾರಿ ಹಿಡಿದು ನಿಲ್ಲಿಸಲು ಚುಕ್ಕಾಣಿಗೆ ಬಲ ಬೇಕು, ಬಲಕ್ಕೆ ವೇಗ ಬೇಕು. ವೇಗ ಹೆಚ್ಚಿಸಿದರೆ ಸ್ಕ್ವಾಟೂ ದಂಡೆಯ ಸೆಳೆತವೂ ಹೆಚ್ಚುತ್ತವೆ. ಒಂದು ದಂಡೆಯಿಂದ ಮೂತಿ ಸಿಡಿದು ಎದುರು ದಂಡೆಗೆ ಓಡುತ್ತದೆ. ಅದನ್ನು ತಿದ್ದಲು ಮತ್ತಷ್ಟು ವೇಗ. ಈ ಸುಳಿಗೆ ಬಿದ್ದ ಮೇಲೆ ಎಂಥ ಕೈಗೂ ಹಡಗು ದಕ್ಕುವುದಿಲ್ಲ. ಬೇಕಾಗಿದ್ದ ತೀರ್ಮಾನ ಕಾಲುವೆಯ ಬಾಯಿಯಲ್ಲಿ ತೆಗೆದುಕೊಳ್ಳುವಂಥದ್ದು: ಈ ಗಾಳಿಯಲ್ಲಿ ಒಳಗೆ ಹೋಗುವುದೋ, ಟಗ್ ಕಟ್ಟಿಕೊಂಡು ಹೋಗುವುದೋ, ಕಾಯುವುದೋ. ಹಡಗು ಬಿಡಿಸಲು ಆರು ದಿನ ಹಿಡಿಯಿತು. ಅದರಲ್ಲಿದ್ದ 25 ಸಿಬ್ಬಂದಿಯೂ ಭಾರತೀಯರು.

ಈಗ ಬಾಲ್ಟಿಮೋರ್. 2024ರ ಮಾರ್ಚ್ 26ರ ನಸುಕಿನಲ್ಲಿ 300 ಮೀಟರ್ ಉದ್ದದ ಡಾಲಿ ಹಡಗಿನ ವಿದ್ಯುತ್ ಕಡಿತವಾದಾಗ ಸೇತುವೆ ಹೆಚ್ಚುಕಡಿಮೆ ಮೂರು ಹಡಗುದ್ದ ದೂರವಿತ್ತು. ಬಡಿಯುವುದಕ್ಕೆ ಉಳಿದದ್ದು ಸುಮಾರು ನಾಲ್ಕು ನಿಮಿಷ. ಇಂಥ ವೇಳೆಗೆಂದೇ ತುರ್ತು ಜನರೇಟರ್ ಇರುತ್ತದೆ, ನಿಯಮದಂತೆ ಅದು 45 ಸೆಕೆಂಡಿನೊಳಗೆ ಬರಬೇಕು. ಆದರೆ ಅದು ದೀಪ, ರೇಡಿಯೊ, ಚುಕ್ಕಾಣಿಯ ಒಂದು ಪಂಪು ಇಷ್ಟನ್ನೇ ಹೊರಬಲ್ಲದು. ಮುಖ್ಯ ಎಂಜಿನ್ ಅದರಿಂದ ನಡೆಯುವುದಿಲ್ಲ. ಪ್ರೊಪೆಲರ್ ನಿಂತ ಮೇಲೆ ಚುಕ್ಕಾಣಿ ತಿರುಗಿದರೂ ಎಷ್ಟು ಹಿಡಿದೀತು? ಲಂಗರು ಬಿಟ್ಟರು. ಲಂಗರು ಬ್ರೇಕ್ ಅಲ್ಲ. ನಿಂತ ಹಡಗನ್ನು ಹಿಡಿದಿಡುವುದು ಅದರ ಕೆಲಸ, ಅದೂ ಕೊಂಡಿಗಿಂತ ಹೆಚ್ಚಾಗಿ ನೆಲದ ಮೇಲೆ ಮಲಗಿದ ಸರಪಳಿಯ ಭಾರದಿಂದ. ಒಳ್ಳೆಯ ಹವೆಯಲ್ಲೂ ಆಳದ ಮೂರು ಪಟ್ಟಿಗೆ 90 ಮೀಟರ್ ಕೂಡಿಸಿ ಸರಪಳಿ ಬಿಡಬೇಕೆಂಬುದು ಒಂದು ರೂಢಿಯ ಲೆಕ್ಕ. ಆರು ನಾಟ್‌ಗೂ ಹೆಚ್ಚು ಓಟದ ಭಾರಿ ಹಡಗನ್ನು ಅದು ನಾಲ್ಕು ನಿಮಿಷದಲ್ಲಿ ತಡೆಯಲಾರದು.

ತನಿಖೆ ಕೊನೆಗೆ ಬೊಟ್ಟು ಮಾಡಿದ್ದು ಒಂದು ಸಡಿಲ ತಂತಿಯನ್ನು. ತಂತಿಗೆ ಸುತ್ತಿದ್ದ ಗುರುತಿನ ಪಟ್ಟಿ ಅಡ್ಡ ಬಂದು ಅದು ತನ್ನ ಗೂಡಿನಲ್ಲಿ ಪೂರ್ತಿ ಕೂತಿರಲಿಲ್ಲ. ಸಾವಿರಾರು ತಂತಿಗಳಿರುವ ಯಂತ್ರದಲ್ಲಿ ಒಂದು ಎಂದಾದರೂ ಕೈಕೊಡುತ್ತದೆ. ಕೈಕೊಟ್ಟಾಗ ಹಡಗನ್ನು ಹಿಡಿಯಲು ಟಗ್ ಪಕ್ಕದಲ್ಲಿ ಇರಲಿಲ್ಲ. ಧಕ್ಕೆ ಬಿಟ್ಟ ಮೇಲೆ ಎಂದಿನ ಪದ್ಧತಿಯಂತೆ ಅವು ಮರಳಿದ್ದವು. ನನ್ನ ಅಭಿಪ್ರಾಯದಲ್ಲಿ ಈ ಘಟನೆಯ ಮುಖ್ಯ ಪಾಠ ಅದು. ಇಷ್ಟು ದೊಡ್ಡ ಹಡಗಿಗೆ ಸೇತುವೆ ದಾಟುವ ತನಕ ಟಗ್ ಕಟ್ಟಿಯೇ ಇರಬೇಕು. ಇನ್ನೊಂದನ್ನೂ ಹೇಳಬೇಕು. ಪೈಲಟ್ ತಡಮಾಡದೆ ಸುದ್ದಿ ಮುಟ್ಟಿಸಿದ್ದರಿಂದ ಪೊಲೀಸರು ಸೇತುವೆಯ ಎರಡೂ ಕಡೆ ವಾಹನ ತಡೆದರು. ಸೇತುವೆಯ ಮೇಲೆ ರಸ್ತೆ ರಿಪೇರಿ ಮಾಡುತ್ತಿದ್ದ ಆರು ಕಾರ್ಮಿಕರು ಸತ್ತರು. ಆ ಸಂದೇಶ ಒಂದು ನಿಮಿಷ ತಡವಾಗಿದ್ದರೆ ಇನ್ನೆಷ್ಟು ಜನವೋ.

ಪೈಲಟ್ ಮತ್ತು ಕ್ಯಾಪ್ಟನ್ ವಿಚಾರ. ಪೈಲಟ್‌ಗೆ ಆ ಬಂದರಿನ ಪ್ರವಾಹ, ಮರಳದಿಬ್ಬ, ಟಗ್‌ಗಳ ಬಲ ಅಂಗೈ ಗೆರೆಯಷ್ಟು ಗೊತ್ತು. ಕ್ಯಾಪ್ಟನ್‌ಗೆ ಗೊತ್ತಿರುವುದು ತನ್ನ ಹಡಗು. ಆಜ್ಞೆ ಕೊಡುವುದು ಪೈಲಟ್, ಹೊಣೆ ಕ್ಯಾಪ್ಟನ್ನದೇ. ಪೈಲಟ್ ಹತ್ತಿದ ಮಾತ್ರಕ್ಕೆ ಕ್ಯಾಪ್ಟನ್ನಾಗಲಿ ವಾಚ್ (ಪಾಳಿ) ಅಧಿಕಾರಿಯಾಗಲಿ ತಮ್ಮ ಕರ್ತವ್ಯದಿಂದ ಬಿಡುಗಡೆಯಾಗುವುದಿಲ್ಲ ಎಂದು ಅಂತರರಾಷ್ಟ್ರೀಯ ನಿಯಮ ನೇರವಾಗಿ ಹೇಳುತ್ತದೆ. ಪನಾಮಾ ಕಾಲುವೆ ಇದಕ್ಕೆ ಹೆಸರಾದ ಅಪವಾದ, ಅಲ್ಲಿ ಹಡಗಿನ ಚಲನೆಯ ಅಧಿಕಾರ ಪೈಲಟ್‌ಗೆ ಹೋಗುತ್ತದೆ. ಉಳಿದೆಡೆ ಪೈಲಟ್ ಬ್ರಿಡ್ಜ್‌ಗೆ, ಅಂದರೆ ಹಡಗು ನಡೆಸುವ ಕೋಣೆಗೆ, ಬಂದ ತಕ್ಷಣ ಇಬ್ಬರೂ ನಕ್ಷೆಯ ಮುಂದೆ ನಿಂತು ಮಾತಾಡಬೇಕು: ಹಡಗು ಎಷ್ಟು ಆಳ ಮುಳುಗಿದೆ, ಎಂಜಿನ್ನಿನ ಯಾವ ಹಂತಕ್ಕೆ ಎಷ್ಟು ವೇಗ, ಏನಾದರೂ ಕೆಟ್ಟಿದೆಯೇ, ಟಗ್ ಎಲ್ಲಿ ಕಟ್ಟುತ್ತಾರೆ, ಎಲ್ಲಿಯವರೆಗೆ ಬಂದರೂ ಹಿಂದಿರುಗಬಹುದು, ಎಲ್ಲಿಂದ ಮುಂದೆ ಆಗದು. ಈ ಕೊನೆಯದನ್ನು ಅವಸರದಲ್ಲಿ ಬಿಟ್ಟುಬಿಡುತ್ತಾರೆ. ಬಿಡಬಾರದು. ಆಮೇಲೆ ಕ್ಯಾಪ್ಟನ್ ಪ್ರತಿ ತಿರುವಿನಲ್ಲೂ ತನ್ನ ಲೆಕ್ಕದೊಂದಿಗೆ ಹೋಲಿಸಿ ನೋಡುತ್ತಿರಬೇಕು, ಹೊಂದದಿದ್ದರೆ ಆಗಲೇ ಕೇಳಬೇಕು. ಹಡಗನ್ನು ವಾಪಸ್ ಕೈಗೆ ತೆಗೆದುಕೊಳ್ಳುವ ಹಕ್ಕು ಅವನಿಗೆ ಕೊನೆಯ ಕ್ಷಣದವರೆಗೂ ಇದೆ, ಆದರೆ ಆ ಕ್ಷಣದಲ್ಲಿ ತೆಗೆದುಕೊಂಡ ಹಡಗು ಯಾರ ಕೈಗೂ ಬರುವುದಿಲ್ಲ.

ನೀರು, ಹೊತ್ತು ಎರಡನ್ನೂ ತಾವಾಗಿಯೇ ಬಿಟ್ಟುಕೊಟ್ಟವರೂ ಇದ್ದಾರೆ. 2020ರ ಜುಲೈ 25ರಂದು ಮಾರಿಷಸ್ ದಂಡೆಯ ಹವಳದ ದಿಬ್ಬಕ್ಕೆ ಏರಿದ ವಕಾಶಿಯೊ ಹಡಗಿನ ಮೂಲ ಯೋಜನೆ ದ್ವೀಪದಿಂದ 22 ನಾಟಿಕಲ್ ಮೈಲಿ ದೂರ ಹಾಯುವುದಾಗಿತ್ತು. ಅದನ್ನು 5 ಮೈಲಿಗೆ ಇಳಿಸಿದರು, ಆ ದಿನ ಮತ್ತೆ 2 ಮೈಲಿಗೆ. ದಂಡೆಯ ಮೊಬೈಲ್ ಸಿಗ್ನಲ್ ಸಿಗಲಿ ಎಂಬ ಆಸೆಗೆ. ಅಷ್ಟು ಹತ್ತಿರಕ್ಕೆ ತಕ್ಕ ವಿವರವಾದ ನಕ್ಷೆಯೂ ಇರಲಿಲ್ಲ. ಮನೆಯವರೊಂದಿಗೆ ಮಾತಾಡುವ ಹಂಬಲ ಸಹಜ, ಅದಕ್ಕೇ ಇದು ಅಪಾಯದ್ದು. ಸುಮಾರು ಸಾವಿರ ಟನ್ ಎಣ್ಣೆ ಆ ತಿಳಿನೀರಿಗೆ ಹರಿಯಿತು.

ಬೇರೆಯವರು ಬಿಟ್ಟುಕೊಡಿಸುವುದೂ ಉಂಟು. ಹೊಸಪೇಟೆ ಕಡೆಯ ಕಬ್ಬಿಣದ ಅದಿರು ನಿಮ್ಮ ಗದಗ ನಿಲ್ದಾಣ ದಾಟಿ ದಶಕಗಳ ಕಾಲ ಮರ್ಮಗೋವಾ ಬಂದರಿಗೆ ಹೋಗಿದೆ, ಆ ರೇಕುಗಳನ್ನು ನೀವೂ ನೋಡಿರುತ್ತೀರಿ. ಅದಿರಿನ ಪುಡಿ ಮಳೆಯಲ್ಲಿ ನೆನೆದಿದ್ದರೆ, ಮೇಲೆ ಒಣಗಿದಂತೆ ಕಂಡರೂ, ಹಡಗಿನ ಅದುರುವಿಕೆಗೆ ಕಣಗಳು ಒತ್ತಿಕೊಂಡು ನಡುವಿನ ನೀರು ಮೇಲೆದ್ದು, ಇಡೀ ರಾಶಿ ಮಳೆಗಾಲದ ಎರೆಹೊಲದಂತೆ ಕೆಸರಾಗುತ್ತದೆ. ಹಡಗು ಒಂದು ಬದಿಗೆ ವಾಲಿದಾಗ ರಾಶಿಯೂ ಅತ್ತ ಹರಿಯುತ್ತದೆ, ಮರಳಿ ಬರುವುದಿಲ್ಲ. 2009ರ ಜುಲೈನಲ್ಲಿ ಏಷ್ಯನ್ ಫಾರೆಸ್ಟ್ ಎಂಬ ಹಡಗು ನವಮಂಗಳೂರಿನಲ್ಲಿ ಅದಿರು ಪುಡಿ ತುಂಬಿಕೊಂಡು ಹೊರಟು ಮಂಗಳೂರಿನಾಚೆಯೇ ಮುಳುಗಿತು. ತುಂಬುವಾಗ ಹಡಗಿನಲ್ಲೇ ಮಾಡಬಹುದಾದ ಸರಳ ಪರೀಕ್ಷೆ ಇದೆ: ಅರ್ಧದಿಂದ ಒಂದು ಲೀಟರ್ ಹಿಡಿಯುವ ಡಬ್ಬಿಯಲ್ಲಿ ಅರ್ಧದಷ್ಟು ಅದಿರು ಹಾಕಿ, ಗಟ್ಟಿ ಮೇಜಿನ ಮೇಲೆ ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಒಂದೆರಡು ಸೆಕೆಂಡಿಗೊಮ್ಮೆ 25 ಸಲ ಕುಕ್ಕಬೇಕು. ಮೇಲೆ ನೀರು ಒಸರಿದರೆ ಅಥವಾ ರಾಶಿ ತೆಳುವಾದರೆ ತುಂಬುವುದನ್ನು ನಿಲ್ಲಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ನೀರು ಒಸರಲಿಲ್ಲ ಎಂದ ಮಾತ್ರಕ್ಕೆ ಸರಕು ಸುರಕ್ಷಿತ ಎಂದೂ ಅಲ್ಲ. ಹಡಗು ನಿಲ್ಲಿಸಿದರೆ ದಿನಕ್ಕೆ ಲಕ್ಷಾಂತರ ರೂಪಾಯಿ ನಷ್ಟ, ಫೋನುಗಳು ಬರತೊಡಗುತ್ತವೆ. ಕ್ಯಾಪ್ಟನ್ ಗುರುತಾಗುವುದು ಆಗ. ಸುರಕ್ಷತೆಗೆ ಅಗತ್ಯವೆಂದು ಅವನು ಕೈಗೊಂಡ ನಿರ್ಧಾರಕ್ಕೆ ಮಾಲೀಕರಾಗಲಿ, ಬಾಡಿಗೆಗೆ ಪಡೆದವರಾಗಲಿ ಅಡ್ಡಬರುವಂತಿಲ್ಲ ಎಂದು ಕಡಲಿನಲ್ಲಿ ಜೀವರಕ್ಷಣೆಯ ಸೋಲಾಸ್ ಒಪ್ಪಂದದ ಐದನೇ ಅಧ್ಯಾಯದಲ್ಲಿ ಬರೆದಿದೆ.

ಇನ್ನು ನಿಮ್ಮ ಹುಡುಗ. ರೇಡಾರ್ ಕಲಿಸುವವರು ಸಿಗುತ್ತಾರೆ, ಕಣ್ಣಿನ ಅಭ್ಯಾಸ ಮನೆಯಿಂದಲೇ ಶುರುವಾಗಲಿ. ಗದಗ-ಹುಬ್ಬಳ್ಳಿ ನಡುವಿನ ಬಯಲಿನಲ್ಲಿ ಹೋಗುವಾಗ ಅಡ್ಡರಸ್ತೆಯಲ್ಲಿ ಬರುವ ವಾಹನವನ್ನು ಕಿಟಕಿಯ ಒಂದು ಗುರುತಿಗೆ ಹಿಡಿದು ನೋಡಲಿ. ಅದು ಗುರುತಿನಿಂದ ಹಿಂದೆ ಸರಿದರೆ ನೀವು ಮೊದಲು ದಾಟುತ್ತೀರಿ, ಮುಂದೆ ಸರಿದರೆ ಅದು. ಅಲ್ಲೇ ನಿಂತು ದೊಡ್ಡದಾಗುತ್ತ ಬಂದರೆ ಇಬ್ಬರೂ ಒಂದೇ ಹೊತ್ತಿಗೆ ಕೂಡುರಸ್ತೆ ಮುಟ್ಟುತ್ತೀರಿ. ಕಡಲ ನಿಯಮದಲ್ಲಿ ಡಿಕ್ಕಿಯ ಅಪಾಯ ಗುರುತಿಸುವ ಮೂಲ ಪರೀಕ್ಷೆ ಇದೇ: ದಿಕ್ಸೂಚಿಯಲ್ಲಿ ಆ ಹಡಗಿನ ದಿಕ್ಕು ಬದಲಾಗದೆ ದೂರ ಕಡಿಮೆಯಾಗುತ್ತಿದೆಯೇ? ಬಲಗಡೆಯಿಂದ ಅಡ್ಡ ಬರುವ ಹಡಗಿಗೆ ನಾವು ದಾರಿ ಬಿಡಬೇಕು. ಬಿಡುವಾಗ ಎರಡು ಮೂರು ಡಿಗ್ರಿ ಸರಿದರೆ ಆಚೆಯವನಿಗೆ ಕಾಣುವುದಿಲ್ಲ. ಬೇಗ, ದೊಡ್ಡದಾಗಿ ತಿರುಗಬೇಕು.

ಕೆಡೆಟ್‌ಗಳ ಜೀವಕ್ಕೆ ಬಡಿದ ಹಡಗಿಗಿಂತ ಮುಚ್ಚಿದ ಕೋಣೆ ಹೆಚ್ಚು ಅಪಾಯಕಾರಿ. ನಮ್ಮ ಕಡೆಯ ಹಿರಿಯರಿಗೆ ಹಗೇವು ಗೊತ್ತು. ಜೋಳ ತುಂಬಿದ ಹಗೇವಿನ ಬಾಯಿ ತೆಗೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ಹಡಗಿನ ಸರಪಳಿ ಕೋಣೆ, ಖಾಲಿ ಟ್ಯಾಂಕ್, ಕಲ್ಲಿದ್ದಲು ಅಥವಾ ಮರದ ದಿಮ್ಮಿ ತುಂಬಿದ ಹೋಲ್ಡ್ (ಸರಕಿನ ಕೋಣೆ) ಅದೇ ಜಾತಿಯವು. ತುಕ್ಕು ಹಿಡಿಯುವ ಕಬ್ಬಿಣವೂ ಗಾಳಿಯ ಆಮ್ಲಜನಕವನ್ನು ತಿನ್ನುತ್ತದೆ. ಆದರೆ ಹಡಗಿನಲ್ಲಿ ದೀಪದ ಪರೀಕ್ಷೆ ಸಲ್ಲದು, ಅಲ್ಲಿ ಹೊತ್ತಿಕೊಳ್ಳುವ ಅನಿಲವಿರಬಹುದು. ಮೀಟರಿನಿಂದ ಮೇಲೆ, ನಡುವೆ, ತಳದಲ್ಲಿ ಅಳೆದು, ಆಮ್ಲಜನಕ ಹೊರಗಿನ ಗಾಳಿಯಷ್ಟೇ, ಅಂದರೆ ಶೇ 21ರ ಆಸುಪಾಸು ಇದ್ದು, ವಿಷಾನಿಲ ಇಲ್ಲವೆಂದು ಬರವಣಿಗೆಯ ಪರವಾನಗಿ ಬಂದ ಮೇಲೆಯೇ ಇಳಿಯಬೇಕು. ಒಳಗೆ ಬಿದ್ದ ಗೆಳೆಯನನ್ನು ಎತ್ತಲು ಹಾಗೆಯೇ ನುಗ್ಗಿದವರೇ ಎಷ್ಟೋ ಸಲ ಎರಡನೆಯ, ಮೂರನೆಯ ಹೆಣವಾಗುತ್ತಾರೆ. ಅಲಾರಂ ಒತ್ತಬೇಕು, ಉಸಿರಾಟದ ಸಾಧನ ತೊಟ್ಟವರು ಬರುವ ತನಕ ಹೊರಗೇ ನಿಲ್ಲಬೇಕು. ಇದನ್ನು ಅವನಿಂದ ಮಾತು ತೆಗೆದುಕೊಂಡು ಕಳಿಸಿ. ಬಿಗಿದ ಕಟ್ಟುಹಗ್ಗದ ನೇರಕ್ಕೆ ನಿಲ್ಲಬಾರದೆಂಬುದನ್ನೂ ಹೇಳಿ. ಹರಿದ ಹಗ್ಗ ಚಾಟಿಯಂತೆ ಬಂದು ಕಾಲು ತುಂಡರಿಸುತ್ತದೆ.

ನಿದ್ದೆ ಹಕ್ಕು. 24 ತಾಸಿನಲ್ಲಿ ಕನಿಷ್ಠ 10 ತಾಸು, ಏಳು ದಿನಕ್ಕೆ 77 ತಾಸು ವಿಶ್ರಾಂತಿ. ಆ ಹತ್ತು ತಾಸನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು ಕನಿಷ್ಠ ಆರು ತಾಸಿರಬೇಕು. 2025ರ ಮೇ ತಿಂಗಳಲ್ಲಿ ನಾರ್ವೆಯಲ್ಲಿ ಒಂದು ಸರಕು ಹಡಗು ಮನೆಯೊಂದರ ಅಂಗಳದಂಚಿಗೆ ಏರಿತು, ವಾಚ್‌ನಲ್ಲಿ ಒಬ್ಬನೇ ಇದ್ದ ಅಧಿಕಾರಿ ನಿದ್ದೆಹೋಗಿದ್ದ. ವಿಶ್ರಾಂತಿಯ ದಾಖಲೆ ಪುಸ್ತಕದಲ್ಲಿ ಸುಳ್ಳು ತಾಸು ಬರೆಯಲು ಯಾರೇ ಹೇಳಿದರೂ ಬರೆಯಬಾರದು.

ನಮ್ಮ ಮನೆಗಳಲ್ಲಿ ಹಿರಿಯರಿಗೆ ಎದುರಾಡಬಾರದೆಂದು ಕಲಿಸಿರುತ್ತೇವೆ. ಬ್ರಿಡ್ಜ್‌ನಲ್ಲಿ ಈ ಸಂಕೋಚ ಬಿಡಬೇಕು. ಕ್ಯಾಪ್ಟನ್ "ಸ್ಟಾರ್‌ಬೋರ್ಡ್ ಟೆನ್" (ಚುಕ್ಕಾಣಿ ಬಲಕ್ಕೆ ಹತ್ತು ಡಿಗ್ರಿ) ಎಂದರೆ ಚುಕ್ಕಾಣಿ ಹಿಡಿದವನು ಅದನ್ನೇ ಮರುನುಡಿದು, ತಿರುಗಿಸಿ, ಆಯಿತೆಂದು ಮತ್ತೆ ಹೇಳಬೇಕು. ಚುಕ್ಕಾಣಿಯ ಮುಳ್ಳು ಎಡಕ್ಕೆ ಹೋದದ್ದು ಕೆಡೆಟ್ ಕಣ್ಣಿಗೆ ಬಿದ್ದರೆ, ಅವನು ಆ ಕ್ಷಣವೇ ಎಲ್ಲರಿಗೂ ಕೇಳುವಂತೆ "ಸರ್, ರಡ್ಡರ್ ಪೋರ್ಟ್ ಕಡೆ ಇದೆ" ಎನ್ನಬೇಕು. ತಪ್ಪಾಗಿ ಕಂಡಿದ್ದರೆ ಒಂದು ಗದರಿಕೆ, ಅಷ್ಟೆ. ಒಳ್ಳೆಯ ಕ್ಯಾಪ್ಟನ್ ಗದರುವುದೂ ಇಲ್ಲ.

ಕಾಗದಪತ್ರದ ಮಾತು. ಡೆಕ್ ವಿಭಾಗಕ್ಕೆ ಬಣ್ಣಗುರುಡು ಇರಬಾರದು. ಫೀಸು ಕಟ್ಟುವ ಮುಂಚೆ ನೌಕಾಯಾನ ಮಹಾನಿರ್ದೇಶನಾಲಯ ಮಾನ್ಯ ಮಾಡಿದ ವೈದ್ಯರಲ್ಲಿ ಕಣ್ಣು ಪರೀಕ್ಷಿಸಿ. ನಾಟಿಕಲ್ ಸೈನ್ಸ್ ಡಿಪ್ಲೊಮಾ ದಾರಿಯಲ್ಲಿ ಹೋಗುವುದಾದರೆ ಭಾರತೀಯ ಕಡಲ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ, ಒಂದು ವರ್ಷದ ತರಗತಿ, ಆಮೇಲೆ 18 ತಿಂಗಳು ಹಡಗಿನ ತರಬೇತಿ. ಆ 18 ತಿಂಗಳ ಜಾಗ ಕೊಡುವ ಕಂಪನಿ ಯಾವುದೆಂದು ಮೊದಲೇ ಬರಹದಲ್ಲಿ ಖಚಿತವಾಗಬೇಕು, ಏಕೆಂದರೆ ತರಗತಿ ಮುಗಿಸಿ ಹಡಗು ಸಿಗದೆ ಕೂತ ಹುಡುಗರೇ ದಲ್ಲಾಳಿಗಳ ಬಲೆಗೆ ಬೀಳುವುದು. ನಾವಿಕರನ್ನು ಸೇರಿಸುವ ಸಂಸ್ಥೆಗೆ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಸಂಖ್ಯೆ ಇರಬೇಕು. ಅದನ್ನು ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಹಾಕಿ, ಪರವಾನಗಿ ಇಂದಿಗೂ ಚಾಲ್ತಿಯಲ್ಲಿದೆಯೇ ಎಂದು ನೋಡಿ. ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವುದನ್ನು 2006ರ ಕಡಲ ಕಾರ್ಮಿಕ ಒಪ್ಪಂದ ನಿಷೇಧಿಸಿದೆ. ಎರಡು ಲಕ್ಷ ಕೊಟ್ಟರೆ ಮುಂದಿನ ವಾರವೇ ಹಡಗು ಎನ್ನುವವರ ಹತ್ತಿರ ಹುಡುಗನ ಪಾಸ್‌ಪೋರ್ಟ್ ಒಂದು ದಿನದ ಮಟ್ಟಿಗೂ ಬಿಟ್ಟು ಬರಬೇಡಿ.